ಮೇಜಿಗೆ ಬರುವ ಮೊದಲು ನಡೆಯುವ ಕೆಲಸ

ನಾನಿರುವ ಕ್ಯಾಲಿಫೋರ್ನಿಯಾದ ಕೌಂಟಿಯಲ್ಲಿ, ಎಂದರೆ ಜಿಲ್ಲೆಯಲ್ಲಿ, ನೆರೆಹೊರೆಯವರ ತಕರಾರುಗಳು ಕೋರ್ಟಿನ ಮೆಟ್ಟಿಲೇರುವ ಮೊದಲೇ ಮಾತುಕತೆಯಲ್ಲಿ ಬಗೆಹರಿಯಲು ನೆರವಾಗುವ, ಜೊತೆಗೆ ಹದಿಹರೆಯದವರು ಮಾಡಿದ ಅಪರಾಧಗಳಲ್ಲಿ ನೊಂದವರನ್ನೂ ನೋಯಿಸಿದವರನ್ನೂ ಇಬ್ಬರ ಒಪ್ಪಿಗೆಯ ಮೇಲೆ ಎದುರುಬದುರು ಕೂರಿಸುವ ಒಂದು ಲಾಭರಹಿತ ಸಂಸ್ಥೆಯಿದೆ. ಕೆಲವು ವರ್ಷಗಳಿಂದ ನಾನು ಅಲ್ಲಿ ಸಂಬಳವಿಲ್ಲದ ಮಧ್ಯಸ್ಥಗಾರನಾಗಿದ್ದೇನೆ. ಊರಿಗೆ ಹೋದಾಗಲೆಲ್ಲ ಗೆಳೆಯರು ಅಲ್ಲಿನ ಜಗಳಗಳ ಕಥೆ ಹೇಳೆಂದು ಪೀಡಿಸುತ್ತಾರೆ. ಹೇಳುವಂತಿಲ್ಲ. ಈ ರಾಜ್ಯದ ಸಾಕ್ಷ್ಯ ಸಂಹಿತೆಯ 1119ನೇ ಕಲಮಿನ ಪ್ರಕಾರ ಮಧ್ಯಸ್ಥಿಕೆಯಲ್ಲಿ ಆಡಿದ ಮಾತನ್ನು ಆಮೇಲೆ ಸಿವಿಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸಲು ಬರುವುದಿಲ್ಲ. ನಾವು ಬರೆದುಕೊಂಡ ಟಿಪ್ಪಣಿಗಳನ್ನು ಸಭೆ ಮುಗಿದೊಡನೆ ಹರಿದುಹಾಕುವುದು ನಮ್ಮ ಕೇಂದ್ರದ ನಿಯಮ. ಆದ್ದರಿಂದ ಇಲ್ಲಿ ಜಗಳಗಳ ಬಗ್ಗೆ ಬರೆಯದೆ, ಆ ಜಗಳಗಳ ನಡುವೆ ದಿನವಿಡೀ ಕೂತಿರುವವರ ಬಗ್ಗೆ ಬರೆಯುತ್ತೇನೆ. ಅವರ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದೂ ಒಂದು ಕಾರಣ.

ಇಂಥ ಕೇಂದ್ರಗಳ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ವಕೀಲರಾಗಿದ್ದ ರೇಮಂಡ್ ಶೋನ್‌ಹೋಲ್ಟ್ಸ್ 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಮ್ಯುನಿಟಿ ಬೋರ್ಡ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕೇರಿಯ ಜಗಳ ಕೇರಿಯವರದೇ ಆಸ್ತಿ, ಅದನ್ನು ಪೊಲೀಸರಿಗೂ ನ್ಯಾಯಾಧೀಶರಿಗೂ ಒಪ್ಪಿಸಿಬಿಟ್ಟರೆ ಕೇರಿಯ ಬಲವೇ ಕುಂದುತ್ತದೆ ಎಂಬುದು ಅವರ ವಾದದ ತಿರುಳು; ಅದರಂತೆ ಅದೇ ಬಡಾವಣೆಯ ಸಾಮಾನ್ಯ ನಿವಾಸಿಗಳಿಗೆ ತರಬೇತಿ ಕೊಟ್ಟು ಅವರನ್ನೇ ಮಾತುಕತೆ ನಡೆಸಲು ಕೂರಿಸಿದರು. ಹತ್ತು ವರ್ಷಗಳ ಬಳಿಕ, 1986ರಲ್ಲಿ, ರಾಜ್ಯದ ಶಾಸನಸಭೆ ವಿವಾದ ಪರಿಹಾರ ಕಾರ್ಯಕ್ರಮಗಳ ಕಾಯ್ದೆಯನ್ನು ಮಾಡಿ, ಸಿವಿಲ್ ದಾವೆ ಹೂಡುವವರು ಕಟ್ಟುವ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಇಂಥ ಕೇಂದ್ರಗಳಿಗೆ ಮೀಸಲಿಡಲು ಕೌಂಟಿಗಳಿಗೆ ಅಧಿಕಾರ ಕೊಟ್ಟಿತು. ಈಗ ಆ ಪಾಲಿನ ಮಿತಿ ಒಂದು ದಾವೆಗೆ 8 ಡಾಲರ್. ಕೋರ್ಟಿಗೆ ಹೋದವರ ಹಣದಿಂದ ಕೋರ್ಟಿಗೆ ಹೋಗಬೇಡಿ ಎನ್ನುವವರ ಸಂಸಾರ ನಡೆಯುತ್ತದೆ ಎಂದು ನಮ್ಮ ಕೇಂದ್ರದಲ್ಲಿ ತಮಾಷೆ ಮಾಡುವುದುಂಟು.

ಈ ಕೆಲಸದ ಚಿತ್ರಗಳಲ್ಲೆಲ್ಲ ಒಂದು ಮೇಜು, ಇತ್ತ ಒಬ್ಬರು, ಅತ್ತ ಒಬ್ಬರು, ನಡುವೆ ಸೌಮ್ಯವಾಗಿ ನಗುವ ಮಧ್ಯಸ್ಥಗಾರರು ಇರುತ್ತಾರೆ. ನನ್ನ ಅನುಭವದಲ್ಲಿ ಆ ಮೇಜಿನ ಮುಂದೆ ನಡೆಯುವುದು ಕೆಲಸದ ಕೊನೆಯ ಭಾಗ ಮಾತ್ರ. ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಬಡಿಸುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ರಾತ್ರಿಯಿಡೀ ಒಲೆಯ ಮುಂದೆ ನಿಂತವರು ಕಾಣುವುದಿಲ್ಲವಲ್ಲ, ಹಾಗೆ. ನಮ್ಮಲ್ಲಿ ಒಲೆಯ ಮುಂದೆ ನಿಲ್ಲುವವರು ಕೇಸ್ ಮ್ಯಾನೇಜರುಗಳು, ಎಂದರೆ ಫೋನಿನ ಹತ್ತಿರ ಕೂರುವವರು.

ಬೆಳಿಗ್ಗೆ ಫೋನ್ ಬರುತ್ತದೆ. ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಮೇಲಿನ ಮಹಡಿಯ ಮಕ್ಕಳು ರಾತ್ರಿ ಹನ್ನೊಂದಕ್ಕೆ ಓಡಾಡುತ್ತಾರೆ, ಮರದ ಬೇರು ಬೇಲಿಯನ್ನು ಎತ್ತಿಹಾಕಿದೆ, ಮನೆ ಖಾಲಿ ಮಾಡಿದ ಮೇಲೆ ಮಾಲೀಕರು ಠೇವಣಿ ಕೊಡುತ್ತಿಲ್ಲ. ಕರೆ ಮಾಡಿದವರು ಬಹಳ ದಿನಗಳಿಂದ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡದ್ದನ್ನು ಒಮ್ಮೆಲೇ ಸುರಿಯುತ್ತಾರೆ. ಕೇಸ್ ಮ್ಯಾನೇಜರು ಅದನ್ನು ತಡೆಯುವುದಿಲ್ಲ, ಹಾಗೆಂದು ಹೌದು ಹೌದು ಎನ್ನುವುದೂ ಇಲ್ಲ. ಒಮ್ಮೆ ‘ಅಯ್ಯೋ, ಅವರು ಹಾಗೆ ಮಾಡಬಾರದಿತ್ತು’ ಎಂದುಬಿಟ್ಟರೆ ಆ ಕ್ಷಣದಿಂದಲೇ ಕೇಂದ್ರ ಒಂದು ಪಕ್ಷಕ್ಕೆ ಸೇರಿದಂತೆ. ಆದ್ದರಿಂದ ಹೇಳಿದ್ದನ್ನು ಸಿಟ್ಟು ಕಳೆದು, ಸಾರ ಉಳಿಸಿ, ಮತ್ತೆ ಅವರಿಗೇ ಹೇಳುತ್ತಾರೆ: ‘ರಾತ್ರಿ ನಿದ್ದೆ ಆಗುತ್ತಿಲ್ಲ, ಎರಡು ಸಲ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ನಿಮಗೆ ಬೇಸರವಾಗಿದೆ, ಸರಿಯೇ?’ ಆಮೇಲೆ ಪ್ರಶ್ನೆಗಳು. ಈಗಾಗಲೇ ಕೋರ್ಟಿನಲ್ಲಿ ದಾವೆ ಇದೆಯೇ, ಹತ್ತಿರ ಸುಳಿಯಬಾರದೆಂಬ ಆದೇಶವೇನಾದರೂ ಇದೆಯೇ, ಅವರ ಎದುರು ಒಂದೇ ಕೋಣೆಯಲ್ಲಿ ಕೂರಲು ಹೆದರಿಕೆಯಾಗುತ್ತದೆಯೇ. ಈ ಕೊನೆಯ ಪ್ರಶ್ನೆಯನ್ನು ಕೇಳುವ ದನಿಯೇ ಬೇರೆ. ಬಡಿತ, ಬೆದರಿಕೆ ಇರುವ ಕಡೆ ಇಬ್ಬರನ್ನೂ ಸರಿಸಮಾನವಾಗಿ ಕೂರಿಸಿ ‘ಮಾತನಾಡಿಕೊಳ್ಳಿ’ ಎನ್ನುವುದು ಅಪಾಯ. ಅಂಥ ಕರೆಯನ್ನು ಗುರುತಿಸಿ ಬೇರೆ ನೆರವಿನ ಕಡೆಗೆ ಕಳಿಸುವ ಜವಾಬ್ದಾರಿ ಈ ಫೋನಿನವರದ್ದೇ.

ಇಷ್ಟಾದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ, ಏಕೆಂದರೆ ಇನ್ನೊಬ್ಬರಿಗೆ ಕರೆ ಮಾಡಬೇಕು. ಅವರಿಗೆ ನಮ್ಮ ಹೆಸರೇ ಗೊತ್ತಿರುವುದಿಲ್ಲ. ನಮ್ಮ ಹಿಂದೆ ಪೊಲೀಸರಿಲ್ಲ, ಸಮನ್ಸ್ ಇಲ್ಲ, ಬರಲಾರೆ ಎಂದರೆ ಏನೂ ಮಾಡುವಂತಿಲ್ಲ. ‘ನಿಮ್ಮ ಮೇಲೆ ದೂರು ಬಂದಿದೆ’ ಎಂಬ ಮಾತು ಬಾಯಿಂದ ಬಂದರೆ ಫೋನ್ ಅಲ್ಲಿಗೇ ಕಟ್ಟಾಗುತ್ತದೆ. ನಮ್ಮಲ್ಲಿನ ಹಿರಿಯ ಕೇಸ್ ಮ್ಯಾನೇಜರು ಹೇಳುವ ಮಾತು ಸರಿಸುಮಾರು ಹೀಗಿರುತ್ತದೆ: ‘ನಿಮ್ಮ ಪಕ್ಕದ ಮನೆಯವರು ನಿಮ್ಮೊಡನೆ ಒಂದು ವಿಷಯ ಮಾತನಾಡಲು ನಮ್ಮ ನೆರವು ಕೇಳಿದ್ದಾರೆ. ಅವರ ಮಾತು ಕೇಳಿದ್ದೇನೆ, ನಿಮ್ಮದನ್ನು ಕೇಳಿಲ್ಲ. ಅದಕ್ಕೇ ಕರೆ ಮಾಡಿದೆ.’ ಆಚೆಯಿಂದ ಮೊದಲು ಬೈಗುಳ ಬರುತ್ತದೆ, ಆಮೇಲೆ ಅಷ್ಟೇ ಉದ್ದದ ಇನ್ನೊಂದು ಕಥೆ ಬರುತ್ತದೆ, ಮತ್ತು ಆ ಕಥೆಯಲ್ಲಿ ನಾಯಿ ಬೊಗಳುವುದಕ್ಕೆ ಮೊದಲು ನಡೆದದ್ದು ಏನೇನೋ ಇರುತ್ತದೆ. ಹೀಗೆ ಇಬ್ಬರ ನಡುವೆ ಹಲವು ಸಲ ಓಡಾಡಿದ ಮೇಲೆ, ಎಷ್ಟೋ ಪ್ರಕರಣಗಳಲ್ಲಿ ಅವರವರೇ ಬೇಲಿಯ ಬಳಿ ನಿಂತು ಮಾತನಾಡಿ ಮುಗಿಸಿಕೊಂಡು, ‘ಇನ್ನು ಬೇಡ ಬಿಡಿ’ ಎಂದು ತಿಳಿಸುತ್ತಾರೆ. ಕಡತ ಮುಚ್ಚುತ್ತದೆ. ನನ್ನಂಥ ಮಧ್ಯಸ್ಥಗಾರನಿಗೆ ಅಲ್ಲಿ ಕೆಲಸವೇ ಬೀಳುವುದಿಲ್ಲ, ಮತ್ತು ಅನುದಾನ ಕೊಡುವವರ ವರದಿಯಲ್ಲಿ ಆ ಪ್ರಕರಣಕ್ಕೆ ಸಿಗುವುದು ಒಂದು ಚಿಕ್ಕ ಸಾಲು.

ಸ್ವಯಂಸೇವಕರ ವಿಚಾರಕ್ಕೆ ಬಂದರೆ, 1986ರ ಕಾಯ್ದೆಯ ನಿಯಮಗಳ ಪ್ರಕಾರ ಮಧ್ಯಸ್ಥಗಾರರಿಗೆ ಕನಿಷ್ಠ 25 ಗಂಟೆಗಳ ತರಬೇತಿ ಆಗಿರಬೇಕು. ಅದರಲ್ಲಿ ಬಹುಪಾಲು ನಾಟಕ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಕೋಪಿಷ್ಠ ಮನೆಮಾಲೀಕನ ಪಾತ್ರ ಮಾಡಿದರೆ, ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರು ಬಾಡಿಗೆದಾರನಾಗಿ ಕಣ್ಣೀರು ಹಾಕುತ್ತಾರೆ. ನಡುವೆ ಕೂತ ಹೊಸಬರು ಪರಿಹಾರ ಹೇಳುವ ಚಪಲವನ್ನು ನುಂಗಿಕೊಳ್ಳಲು ಕಲಿಯುತ್ತಾರೆ. ಈ ಚಪಲ ವಕೀಲರಿಗೂ ಎಂಜಿನಿಯರುಗಳಿಗೂ ಹೆಚ್ಚು, ದಾದಿಯರಿಗೂ ಶಿಕ್ಷಕರಿಗೂ ಕಡಿಮೆ ಎಂಬುದು ನಾನು ಕಂಡುಕೊಂಡದ್ದು. ನಾನು ಯಾವ ಗುಂಪಿನವನೆಂದು ಬೇರೆ ಹೇಳಬೇಕಾಗಿಲ್ಲ. ಸಭೆಗೆ ಸಾಮಾನ್ಯವಾಗಿ ಇಬ್ಬರು ಮಧ್ಯಸ್ಥಗಾರರನ್ನು ಜೊತೆಯಾಗಿ ಕಳಿಸುತ್ತಾರೆ. ಒಬ್ಬರು ಮಾತನಾಡುವವರ ಕಡೆಗೆ ಗಮನ ಕೊಟ್ಟಾಗ ಇನ್ನೊಬ್ಬರು ಸುಮ್ಮನಿರುವವರ ಮುಖ ನೋಡುತ್ತಿರಬೇಕು. ಯಾರಿಗೆ ಯಾರನ್ನು ಜೊತೆ ಮಾಡಬೇಕು, ಸ್ಪ್ಯಾನಿಷ್ ಅಥವಾ ವಿಯೆಟ್ನಾಮೀಸ್ ಬಲ್ಲವರು ಬೇಕೇ, ಬಾಡಿಗೆದಾರ ಇಪ್ಪತ್ತೆರಡು ವರ್ಷದ ಹುಡುಗನಾದರೆ ಇಬ್ಬರೂ ಎಪ್ಪತ್ತು ದಾಟಿದವರಾಗಬಾರದಲ್ಲವೇ ಎಂದೆಲ್ಲ ಲೆಕ್ಕ ಹಾಕುವವರೂ ಆ ಫೋನಿನ ಹತ್ತಿರದವರೇ.

ಭಾರತೀಯರು ಪಕ್ಷಗಾರರಾಗಿ ಬಂದಾಗ ಒಂದು ವಿಶೇಷವನ್ನು ಕಂಡಿದ್ದೇನೆ. ಮೇಜಿನ ಆಚೆ ನಮ್ಮವರ ಮುಖ ಕಂಡೊಡನೆ ಅವರಿಗೆ ನಿರಾಳವಾಗುತ್ತದೆ, ಮತ್ತು ಆ ನಿರಾಳದ ಹಿಂದೆಯೇ ಒಂದು ಬೇಡಿಕೆ ಬರುತ್ತದೆ: ‘ನೀವು ದೊಡ್ಡವರು, ನಮ್ಮ ಕಡೆಯವರು, ನೀವೇ ಒಂದು ಮಾತು ಹೇಳಿಬಿಡಿ ಸಾರ್, ಇಬ್ಬರೂ ಕೇಳುತ್ತೇವೆ.’ ಇದು ಪಂಚಾಯಿತಿ ಕಟ್ಟೆಯ ನೆನಪು. ಆ ನೆನಪನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಟ್ಟೆಯ ಮೇಲೆ ಕೂತವರು ಯಾವ ಜಾತಿಯವರು, ಎಷ್ಟು ಎಕರೆಯವರು, ಹೆಂಗಸರ ಮಾತಿಗೆ ಅಲ್ಲಿ ಎಷ್ಟು ಜಾಗವಿತ್ತು ಎಂಬುದೂ ನೆನಪಿರಬೇಕಷ್ಟೆ. ‘ಹೇಳುವುದು ನಾನಲ್ಲ, ನೀವಿಬ್ಬರು’ ಎಂದಾಗ ಕೆಲವರ ಮುಖದಲ್ಲಿ, ಇಷ್ಟು ದೂರ ಬಂದು ಕೂತದ್ದು ದಂಡವಾಯಿತಲ್ಲ ಎಂಬ ಭಾವ ಕಾಣುತ್ತದೆ. ಅವರು ಎದ್ದು ಹೋಗದೆ ಕೂತಿರುವುದಕ್ಕೆ ಬಹುಮಟ್ಟಿಗೆ ಕಾರಣ, ‘ಅಲ್ಲಿ ಯಾರೂ ತೀರ್ಪು ಕೊಡುವುದಿಲ್ಲ’ ಎಂದು ಕೇಸ್ ಮ್ಯಾನೇಜರು ಮೊದಲೇ ಹಲವು ಸಲ ಹೇಳಿರುವುದು.

ಅಪರಾಧ ನಡೆದ ಮೇಲಿನ ಕೆಲಸ, ಇಲ್ಲಿ ರೆಸ್ಟೋರೇಟಿವ್ ಜಸ್ಟಿಸ್ ಎಂದು ಕರೆಯುವುದು, ಇನ್ನೂ ನಿಧಾನದ್ದು. ಆಗಿದ್ದೇನು, ಯಾರಿಗೆ ನೋವಾಯಿತು, ಆ ನೋವನ್ನು ತುಂಬಿಕೊಡಲು ಏನು ಬೇಕು, ಅದು ಯಾರ ಹೊಣೆ ಎಂದು ಕೇಳುತ್ತ ಹೋಗುವ ಈ ದಾರಿಯ ಇತಿಹಾಸದಲ್ಲಿ ಎಲ್ಲರೂ ನೆನೆಯುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರನ್ನು. 1974ರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿಯಲ್ಲಿ ಊರಿನ 22 ಕಡೆ ಹಾನಿ ಮಾಡಿದರು. ಕಾರುಗಳ ಟೈರು ಸೀಳಿದರು, ಕಿಟಕಿಗಳನ್ನು ಒಡೆದರು. ಸೆರೆಮನೆಗೆ ಕಳಿಸದೆ ನಿಗಾದಲ್ಲಿಟ್ಟ ಅಪರಾಧಿಗಳನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಯಾಗಿದ್ದ ಮಾರ್ಕ್ ಯಾಂಟ್ಸಿ, ಈ ಹುಡುಗರು ತಾವು ಹಾನಿ ಮಾಡಿದವರ ಮನೆಗಳಿಗೇ ಹೋಗಿ ಮುಖ ಕೊಟ್ಟು ಮಾತನಾಡಿದರೆ ಹೇಗೆ ಎಂದು ನ್ಯಾಯಾಧೀಶ ಗಾರ್ಡನ್ ಮೆಕಾನೆಲ್ ಅವರ ಮುಂದೆ ಸಲಹೆಯಿಟ್ಟರು. ಕಾನೂನಿನಲ್ಲಿ ಅಂಥ ಪದ್ಧತಿ ಇರಲಿಲ್ಲ, ಆದರೂ ನ್ಯಾಯಾಧೀಶರು ಒಪ್ಪಿದರು. ಯಾಂಟ್ಸಿ ಮತ್ತು ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸೇವಾ ಸಂಸ್ಥೆಯ ಡೇವ್ ವರ್ತ್ ಹುಡುಗರ ಹಿಂದೆ ನೋಟ್‌ಬುಕ್ ಹಿಡಿದು ನಿಂತರು. ಬಾಗಿಲು ತಟ್ಟುವುದು, ತಾನು ಯಾರೆಂದು ಹೇಳುವುದು, ನಷ್ಟವೆಷ್ಟೆಂದು ಕೇಳುವುದು ಹುಡುಗರದೇ ಕೆಲಸವಾಯಿತು. ಕೆಲವು ತಿಂಗಳುಗಳಲ್ಲಿ ಅವರು ಹಣ ಹೊಂದಿಸಿಕೊಂಡು ಮತ್ತೆ ಅವೇ ಬಾಗಿಲುಗಳಿಗೆ ಹೋಗಿ ಕೊಟ್ಟರು.

ಇದನ್ನು ಹೇಳುವಾಗ ಸಾಮಾನ್ಯವಾಗಿ ಹುಡುಗರ ಧೈರ್ಯವನ್ನೂ ನ್ಯಾಯಾಧೀಶರ ಔದಾರ್ಯವನ್ನೂ ಹೊಗಳುತ್ತಾರೆ. ನನಗೆ ಕುತೂಹಲವಿರುವುದು ಬಾಗಿಲು ತೆರೆದವರ ಬಗ್ಗೆ. ಟೈರು ಸೀಳಿಸಿಕೊಂಡವರ ಮನೆಗೆ ಹೇಳದೆ ಕೇಳದೆ ಹೋಗಿ ನಿಂತದ್ದನ್ನು ಇಂದು ಯಾವ ಕೇಂದ್ರವೂ ಒಪ್ಪುವುದಿಲ್ಲ. ಈಗ ನೊಂದವರನ್ನು ಅವರಿಗೆ ಅನುಕೂಲವಾದ ಜಾಗದಲ್ಲಿ ಬೇರೆಯಾಗಿ ಕಂಡು, ಭೇಟಿ ಬೇಕೇ ಬೇಡವೇ, ಬೇಕಾದರೆ ಜೊತೆಗೆ ಯಾರಿರಬೇಕು, ಆ ಹುಡುಗ ಬಾಗಿಲಿನಿಂದ ಯಾವ ಕಡೆಗೆ ಕೂರಬೇಕು ಎಂಬುದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಾರೆ. ಹುಡುಗನನ್ನೂ ಅವನ ತಂದೆತಾಯಿಯನ್ನೂ ಬೇರೆಯಾಗಿ ಕಾಣುತ್ತಾರೆ, ಏಕೆಂದರೆ ಹುಡುಗ ಬಾಯಿ ಬಿಡುವ ಮೊದಲೇ ತಾಯಿ ಕ್ಷಮೆ ಕೇಳಿಬಿಡುವುದು, ಇಲ್ಲವೇ ತಂದೆ ಚೆಕ್ ಪುಸ್ತಕ ತೆಗೆಯುವುದು ಬಹಳ ಸಾಮಾನ್ಯ. ಒಂದೂವರೆ ಗಂಟೆಯ ಭೇಟಿಗೆ ವಾರಗಟ್ಟಲೆ ಸಿದ್ಧತೆ ನಡೆಯುತ್ತದೆ. ಎಲ್ಮೈರಾದ ಆ ಇಬ್ಬರಲ್ಲಿ ಒಬ್ಬರಾದ ರಸ್ ಕೆಲ್ಲಿ ಹಲವು ವರ್ಷಗಳ ಬಳಿಕ ಕಾಲೇಜಿನ ತರಗತಿಯೊಂದರಲ್ಲಿ ತಮ್ಮದೇ ಪ್ರಕರಣದ ವಿವರ ಕೇಳಿ ಬೆರಗಾಗಿ, ಅದರಿಂದಲೇ ಬೆಳೆದ ಕಿಚನರ್ ನಗರದ ಕಮ್ಯುನಿಟಿ ಜಸ್ಟಿಸ್ ಇನಿಶಿಯೇಟಿವ್ಸ್ ಸಂಸ್ಥೆಗೆ ಸ್ವಯಂಸೇವಕರಾಗಿ ಸೇರಿದರು. ಇಂಥ ಕೇಂದ್ರಗಳ ಕೆಲಸಗಾರರಲ್ಲಿ ಮೇಜಿನ ಎರಡೂ ಬದಿಗಳಿಂದ ಬಂದವರು ಸಿಗುತ್ತಾರೆ. ಅಂಥವರು ಹೇಳಿಕೊಡುವುದನ್ನು ತರಬೇತಿಯಲ್ಲಿ ಕಲಿಸಲು ಬರುವುದಿಲ್ಲ.

ಸಂಬಳದ ವಿಷಯ ಹೇಳದಿದ್ದರೆ ಬರೆದದ್ದು ಅರ್ಧವಾಗುತ್ತದೆ. ನಿರ್ದೇಶಕರ ದಿನ ಹೆಚ್ಚಾಗಿ ಅನುದಾನದ ಅರ್ಜಿಗಳಲ್ಲಿ ಕಳೆಯುತ್ತದೆ. ಜೂನ್ ಕೊನೆಗೆ ಆರ್ಥಿಕ ವರ್ಷ ಮುಗಿಯುವಾಗ ಯಾವ ಹುದ್ದೆ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಆತಂಕ ಪ್ರತಿವರ್ಷದ್ದು. ದಿನವಿಡೀ ಬೇರೆಯವರ ಸಿಟ್ಟು ಕೇಳುವ ಕೇಸ್ ಮ್ಯಾನೇಜರುಗಳು ಈ ದುಬಾರಿ ಊರಿನಲ್ಲಿ ಮನೆ ಬಾಡಿಗೆ ಕಟ್ಟಲು ಹೆಣಗಾಡಿ, ಎರಡು ಮೂರು ವರ್ಷಗಳಲ್ಲಿ ಪಳಗುವ ಹೊತ್ತಿಗೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಸ್ವಯಂಸೇವಕರಿಗೆ ವರ್ಷಕ್ಕೊಮ್ಮೆ ಊಟ ಹಾಕಿಸಿ ಪ್ರಮಾಣಪತ್ರ ಕೊಟ್ಟು ಚಪ್ಪಾಳೆ ತಟ್ಟುವ ಸಮಾರಂಭದಲ್ಲಿ ಕುರ್ಚಿ ಜೋಡಿಸುತ್ತಿರುವವರೂ ಇವರೇ ಆಗಿರುವುದು ನನಗೆ ಯಾವಾಗಲೂ ಮುಜುಗರ ತರುತ್ತದೆ.

ಭಾರತದಲ್ಲಿ 2023ರ ಮಧ್ಯಸ್ಥಿಕೆ ಕಾಯ್ದೆ ಸಮುದಾಯ ಮಧ್ಯಸ್ಥಿಕೆಗೆಂದೇ 43 ಮತ್ತು 44ನೇ ಕಲಮುಗಳನ್ನು ಮೀಸಲಿಟ್ಟಿದೆ ಎಂದು ಓದಿದಾಗ ಸಂತೋಷಪಟ್ಟೆ. ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನಡುವಿನ ಶಾಂತಿ ಕದಡಬಹುದಾದ ವಿವಾದಗಳನ್ನು, ಪಕ್ಷಗಾರರ ಒಪ್ಪಿಗೆಯಿದ್ದರೆ, ಮೂವರು ಮಧ್ಯಸ್ಥಗಾರರ ಸಮಿತಿಯ ಮುಂದೆ ಇಡಬಹುದು ಎನ್ನುತ್ತವೆ ಆ ಕಲಮುಗಳು. ಅಲ್ಲಿ ಆಗುವ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿಲ್ಲ. ಬೆಂಗಳೂರಿನಲ್ಲಿ 2007ರಿಂದ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆಯಾದರೂ ಅಲ್ಲಿಗೆ ಬರುವವು ಮುಖ್ಯವಾಗಿ ಕೋರ್ಟು ಕಳಿಸಿಕೊಟ್ಟ ಪ್ರಕರಣಗಳು, ಹಾಗಾಗಿ ಬಡಾವಣೆಯ ಮಟ್ಟದ ಕೆಲಸ ಹೊಸದಾಗಿಯೇ ಕಟ್ಟಬೇಕಾದದ್ದು. ಸಮಿತಿಯಲ್ಲಿ ಪ್ರತಿಷ್ಠಿತರೂ ಪ್ರಾಮಾಣಿಕರೂ ನಿವಾಸಿಗಳ ಸಂಘದ ಪ್ರತಿನಿಧಿಗಳೂ ಮಧ್ಯಸ್ಥಿಕೆಯ ಅನುಭವವಿದ್ದವರೂ ಇರಬಹುದೆಂದು ಕಾಯ್ದೆ ಹೇಳುತ್ತದೆ. ಪ್ರತಿಷ್ಠಿತರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂಥದ್ದನ್ನು ಆರಂಭಿಸಲು ಹೊರಟವರು ನನ್ನನ್ನು ಕೇಳಿದರೆ, ಸಮಿತಿಯ ಪಟ್ಟಿ ಮಾಡುವ ಮೊದಲು ಕನ್ನಡವನ್ನೂ ಉರ್ದುವನ್ನೂ ಸಲೀಸಾಗಿ ಮಾತನಾಡುವ, ಬೈಸಿಕೊಂಡರೂ ದನಿ ಏರಿಸದ ಇಬ್ಬರನ್ನು ಹುಡುಕಿ, ಅವರಿಗೆ ಒಂದು ಫೋನು, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಮತ್ತು ಐದು ವರ್ಷಕ್ಕೆ ಸಾಲುವಷ್ಟು ಸಂಬಳದ ಹಣವನ್ನು ಮೊದಲು ಎತ್ತಿಡಿ ಎನ್ನುತ್ತೇನೆ.