ಟೇಬಲ್ ಮಾಡ್ತೀನಿ ಅಂದಿದ್ದೇ ಎಡವಟ್ಟಾಯ್ತು

ಹೋದ ವರ್ಷದ ಕಥೆ. ಕ್ಲೈಂಟ್ ಅಮೆರಿಕದವ್ರು, ಗುರುವಾರ ಗುರುವಾರ ಕಾಲ್. ಪೇಮೆಂಟ್ ಪೇಜಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟ್ ಅಸಲಿ, ಕನೆಕ್ಷನ್ ಸೇಫ್ ಅಂತ ಬ್ರೌಸರಿಗೆ ತೋರಿಸೋ ಗುರುತಿನ ಚೀಟಿ) ಶನಿವಾರ ರಾತ್ರಿ ಎಕ್ಸ್‌ಪೈರ್ ಆಗೋದಿತ್ತು, ರಿನ್ಯೂ ಮಾಡೋಕೆ ಅವ್ರ ಕಡೆಯವ್ರು ಸೈಟಿನ ಹೆಸರು ತಮ್ಮದೇ ಅಂತ ತೋರಿಸೋಕೆ ಒಂದು ಡಿಎನ್‌ಎಸ್ ರೆಕಾರ್ಡ್ ಹಾಕ್ಬೇಕಿತ್ತು, ಅದಕ್ಕೆ ನಾನು ಮಂಗಳವಾರನೇ ಮೇಲ್ ಹಾಕ್ದೆ, 'ಐ ವಾಂಟ್ ಟು ಟೇಬಲ್ ದಿ ರಿನ್ಯೂವಲ್ ಫಾರ್ ಥರ್ಸ್‌ಡೇಸ್ ಕಾಲ್' ಅಂತ. ಶೂರ್, ನೋ ಪ್ರಾಬ್ಲಮ್ ಅಂತ ಉತ್ತರ ಬಂತು.

ಗುರುವಾರ ಅಜೆಂಡಾ ಶೀಟ್ ತೆಗೆದ್ರೆ ಆ ಸಾಲು ಬೂದು ಬಣ್ಣಕ್ಕೆ ತಿರುಗಿತ್ತು, ಮೇಲೆ ಅಡ್ಡಗೆರೆ ಬೇರೆ. ಪರವಾಗಿಲ್ವೇ, ಕಾಲ್‌ಗೆ ಮುಂಚೆನೇ ಮುಗಿಸಿಬಿಟ್ಟಿದಾರೆ ಅಂದ್ಕೊಂಡು ಸುಮ್ಮನಾದೆ. ಒಂದು ಮಾತು ಕೇಳಿದ್ರೆ ಗಂಟೇನು ಹೋಗ್ತಿತ್ತು? ಕೇಳ್ಲಿಲ್ಲ. ಭಾನುವಾರ ಬೆಳಿಗ್ಗೆ ಪೇಜ್ ಓಪನ್ ಮಾಡಿದವ್ರಿಗೆಲ್ಲ ಬ್ರೌಸರಿನ ಕೆಂಪು ವಾರ್ನಿಂಗ್, ನನಗೆ ಫೋನ್ ಮೇಲೆ ಫೋನ್.

ಆಮೇಲೆ ಗೊತ್ತಾಯ್ತು, ಬ್ರಿಟಿಷ್ ಇಂಗ್ಲಿಷಲ್ಲಿ ಟೇಬಲ್ ಮಾಡೋದು ಅಂದ್ರೆ ಚರ್ಚೆಗೆ ಇಡೋದು, ನಮ್ಮ ಮಂಡಿಸೋದು ಇದೆಯಲ್ಲ ಅದೇ. ಅಮೆರಿಕದಲ್ಲಿ ಉಲ್ಟಾ, ಸದ್ಯಕ್ಕೆ ಬೇಡ, ಪಕ್ಕಕ್ಕಿಡಿ ಅಂತ. ಅಲ್ಲಿ ಸಭೆ ನಡೆಸೋಕೆ 1876ರಿಂದ ಬಳಸ್ತಿರೋ ರಾಬರ್ಟ್ಸ್ ರೂಲ್ಸಲ್ಲಿ 'ಲೇ ಆನ್ ದಿ ಟೇಬಲ್' ಅಂದ್ರೆ ವಿಷಯನ ಆ ಹೊತ್ತಿಗೆ ಬದಿಗೆ ಸರಿಸೋದೇ. ಎರಡನೇ ಮಹಾಯುದ್ಧದ ಟೈಮಲ್ಲೂ ಇದೇ ಆಗಿತ್ತಂತೆ, ಚರ್ಚಿಲ್ ಬರೆದಿದಾರೆ: ಬ್ರಿಟಿಷ್ ಅಧಿಕಾರಿಗಳು ಅರ್ಜೆಂಟ್ ಪೇಪರ್ ಒಂದನ್ನ ಟೇಬಲ್ ಮಾಡ್ತೀವಿ ಅಂದ್ರು, ಅಮೆರಿಕದವ್ರು ಬೇಡವೇ ಬೇಡ ಅಂತ ಪಟ್ಟು ಹಿಡಿದ್ರು, ಜೋರು ವಾದ ಆದ್ಮೇಲೆ ನೋಡಿದ್ರೆ ಇಬ್ಬರಿಗೂ ಬೇಕಿದ್ದಿದ್ದು ಒಂದೇ. ಅಂಥೋರೇ ಎಡವಿದ್ರು ಅಂತ ನಾನು ಮ್ಯಾನೇಜರ್ ಹತ್ರ ಹೇಳೋಕಾಗ್ಲಿಲ್ಲ ಬಿಡಿ.

ಇಂಗ್ಲಿಷಲ್ಲಿ ಇಂಥ ಕ್ರಿಯಾಪದ ಇನ್ನೂ ಇವೆ. ಸ್ಯಾಂಕ್ಷನ್ ಅಂದ್ರೆ ಮಂಜೂರು ಮಾಡೋದೂ ಹೌದು, ನಿರ್ಬಂಧ ಹೇರೋದೂ ಹೌದು. ಸ್ಕ್ರೀನ್ ಅಂದ್ರೆ ತೋರಿಸೋದು, ಮರೆ ಮಾಡೋದು ಎರಡೂ.

ನಗೋಕ್ಮುಂಚೆ ನಮ್ಮ 'ತೆಗಿ' ನೋಡಿ. ಮೀಟಿಂಗಲ್ಲಿ ಆ ವಿಷ್ಯ ತೆಗಿ ಅಂದ್ರೆ ಎತ್ತು ಅಂತ, ಲಿಸ್ಟಿಂದ ಆ ವಿಷ್ಯ ತೆಗಿ ಅಂದ್ರೆ ಕಿತ್ತಾಕು ಅಂತ. ಹೆಚ್ಚುಕಮ್ಮಿ ಟೇಬಲ್ ಥರಾನೇ, ಆದ್ರೆ ನಮಗೆ 'ಅಲ್ಲಿ', 'ಇಂದ' ಅನ್ನೋ ಬಾಲ ಇರೋದ್ರಿಂದ ಸಾಮಾನ್ಯವಾಗಿ ಬಚಾವ್. ಟೇಬಲ್‌ಗೆ ಆ ಬಾಲ ಇಲ್ಲ, ನಾನು ಹಾಕಿದ್ದ 'ಫಾರ್' ಅಂತೂ ಎರಡೂ ಕಡೆ ಸಲೀಸಾಗಿ ಕೂತ್ಕೊಂಡ್ತು.

ಈಗ ನಾನು 'ಗುರುವಾರ ಡಿಸ್ಕಸ್ ಮಾಡಿ ಡಿಸೈಡ್ ಮಾಡ್ಬೇಕು, ಶನಿವಾರ ಡೆಡ್‌ಲೈನ್' ಅಂತ ಉದ್ದಕ್ಕೆ ಬರೀತೀನಿ, ಚಿಕ್ಕ ಮಕ್ಕಳಿಗೆ ಹೇಳೋ ಥರ ಅನ್ಸಿದ್ರೂ ಪರವಾಗಿಲ್ಲ. ಮೊನ್ನೆ ಸುಮ್ನೆ ಹಳೇ ಮೇಲ್‌ಗಳಲ್ಲಿ ಟೇಬಲ್ ಅಂತ ಸರ್ಚ್ ಹೊಡೆದೆ, ಇನ್ನೂ ಏಳು ಕಡೆ ಸಿಕ್ತು. ಅದ್ರಲ್ಲಿ ಎರಡು ಐಟಂ ಆಮೇಲೆ ಅಜೆಂಡಾಗೆ ಬಂದೇ ಇಲ್ಲ, ಯಾರೂ ಕೇಳಿಲ್ಲ, ನಾನೂ ಇನ್ನೂ ಬಾಯಿ ಬಿಟ್ಟಿಲ್ಲ.