ಗೂಗಲ್ ಆ್ಯಡ್ ಹಾಕಿ ಅಫಿಲಿಯೇಟ್ ಮಾಡಿದರೆ ದುಡ್ಡಾಗುತ್ತಾ?

ಆನ್‌ಲೈನ್ ಜಾಹೀರಾತಿನ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. 'ಸರ್, ಬ್ಲಾಗ್ ಬರೆದು, ಯೂಟ್ಯೂಬ್ ಚಾನೆಲ್ ಬೆಳೆಸಿ ವರ್ಷಗಟ್ಟಲೆ ಕಾಯೋ ತಾಳ್ಮೆ ನನಗಿಲ್ಲ. ಗೂಗಲ್‌ಗೆ ದುಡ್ಡು ಕೊಟ್ಟು ಆ್ಯಡ್ ಹಾಕ್ತೀನಿ, ಬಂದವರನ್ನ ಅಫಿಲಿಯೇಟ್ ಲಿಂಕಿಗೆ ಕಳಿಸ್ತೀನಿ. ಆಗುತ್ತಾ? ಎಷ್ಟು ಇಟ್ಕೊಂಡು ಶುರು ಮಾಡ್ಲಿ?'

ಆಗುತ್ತದೆ. ಆದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರು ಆರಿಸಿಕೊಂಡಿರುವ ಸಾಮಾನಿಗೆ ಆಗುವುದಿಲ್ಲ. ಅದು ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ. ಆ ಕಾಗದ ಮತ್ತು ಪೆನ್ನು ತೆಗೆದುಕೊಳ್ಳುವವರೇ ಕಡಿಮೆ.

ಅಫಿಲಿಯೇಟ್ ಅಂದರೆ ದಲ್ಲಾಳಿ ಕೆಲಸ. ಕೊಳ್ಳುವವರನ್ನು ಅಂಗಡಿಗೆ ಕರೆತರುತ್ತೀರಿ, ವ್ಯಾಪಾರ ಕುದುರಿದರೆ ಕಮಿಷನ್ ಸಿಗುತ್ತದೆ. ಅಮೆಜಾನ್ 1996ರಿಂದ ಇದನ್ನು ನಡೆಸುತ್ತಿದೆ. ಬ್ಲಾಗ್ ಬರೆಯುವ ಅಫಿಲಿಯೇಟ್‌ಗೆ ಓದುಗರು ಬಿಟ್ಟಿ ಬರುತ್ತಾರೆ. ನೀವು ಮಾತ್ರ ಪ್ರತಿಯೊಬ್ಬರನ್ನೂ ಕ್ಲಿಕ್ಕಿಗೆ ಇಷ್ಟು ಅಂತ ಕೊಂಡು ತರಬೇಕು. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಒಂದೇ: ಒಂದು ಕ್ಲಿಕ್ಕಿನಿಂದ ನನಗೆ ಎಷ್ಟು ಹುಟ್ಟುತ್ತದೆ?

ಒಂದು ಮಿಕ್ಸಿ ತೆಗೆದುಕೊಳ್ಳೋಣ. ಬೆಲೆ 3000 ರೂಪಾಯಿ, ಕಮಿಷನ್ ಶೇ. 5 ಅಂತ ಇಟ್ಟುಕೊಳ್ಳಿ. ಒಂದು ಮಾರಾಟಕ್ಕೆ ನಿಮಗೆ 150 ರೂಪಾಯಿ. ನಿಮ್ಮ ಆ್ಯಡ್ ಒತ್ತಿ 100 ಜನ ನಿಮ್ಮ ಪುಟಕ್ಕೆ ಬಂದರು. ಅದರಲ್ಲಿ 40 ಜನ ಮುಂದಿನ ಬಟನ್ ಒತ್ತಿ ಅಂಗಡಿಗೆ ಹೋದರು. ಆ 40ರಲ್ಲಿ 2 ಜನ ಕೊಂಡರು. ಇದು ಕೆಟ್ಟ ಫಲಿತಾಂಶವೇನಲ್ಲ. 100 ಕ್ಲಿಕ್ಕಿಗೆ 300 ರೂಪಾಯಿ, ಅಂದರೆ ಕ್ಲಿಕ್ಕಿಗೆ 3 ರೂಪಾಯಿ ಹುಟ್ಟಿತು. ಹತ್ತರಲ್ಲೊಂದು ಮಿಕ್ಸಿ ವಾಪಸ್ ಹೋಗುತ್ತದೆ ಅಂದುಕೊಳ್ಳಿ. ವಾಪಸ್ ಹೋದದ್ದಕ್ಕೆ ಕಮಿಷನ್ ಇಲ್ಲ. ಉಳಿದದ್ದು 2 ರೂಪಾಯಿ 70 ಪೈಸೆ. ಗೂಗಲ್ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಅದು ಪೂರಾ ನಿಮ್ಮ ಕೈಯಿಂದ ಹೋಗುವ ದುಡ್ಡು. ಕೊನೆಗೆ ಒಂದು ಕ್ಲಿಕ್ಕಿಗೆ ನೀವು ಕೊಡಬಹುದಾದದ್ದು 2 ರೂಪಾಯಿ 28 ಪೈಸೆ. ಅದೂ ಲಾಭವಿಲ್ಲದೆ, ಸಮಸಮ.

ಜನ ಏನು ಹುಡುಕಿದಾಗ ನಿಮ್ಮ ಆ್ಯಡ್ ಕಾಣಬೇಕು ಅಂತ ನೀವು ಆರಿಸುವ ಪದವೇ ಕೀವರ್ಡ್. ಅಲ್ಲಿ ಆ್ಯಡ್ ಹಾಕುವ ಜಾಗವನ್ನು ಗೂಗಲ್ ಹರಾಜು ಹಾಕುತ್ತದೆ. ಈಗ ಗೂಗಲ್‌ನ ಕೀವರ್ಡ್ ಪ್ಲ್ಯಾನರ್ ತೆರೆದು ಮಿಕ್ಸಿಗೆ ಕ್ಲಿಕ್ ಬೆಲೆ ಎಷ್ಟಿದೆ ನೋಡಿ. ನಿಮ್ಮ ಜೊತೆ ಹರಾಜು ಕೂಗುತ್ತಿರುವವರು ಮಿಕ್ಸಿ ಮಾಡುವ ಕಂಪನಿಗಳು, ಮಾರುವ ದೊಡ್ಡ ಅಂಗಡಿಗಳು. ಅವರಿಗೆ ಸಿಗುವುದು ಇಡೀ ಮಾರಾಟದ ಲಾಭ, ನಿಮಗೆ ಅದರ ಒಂದು ಚೂರು. 6 ರೂಪಾಯಿಗೆ ಕ್ಲಿಕ್ ಕೊಂಡರೂ 100 ಕ್ಲಿಕ್ಕಿಗೆ ಜಿಎಸ್‌ಟಿ ಸೇರಿ 708 ಹೋಯಿತು, 270 ಬಂತು. ಮೊಬೈಲ್ ಫೋನಿನ ಲೆಕ್ಕ ಇದಕ್ಕಿಂತ ಕೆಟ್ಟದು, ಯಾಕಂದರೆ ಅದರ ಕಮಿಷನ್ ದರವೇ ತೀರಾ ಕಡಿಮೆ. ಆದರೂ ಎಲ್ಲರೂ ಮೊದಲು ಮುಟ್ಟುವುದು ಮೊಬೈಲನ್ನೇ.

'ನನ್ನ ಪುಟವೇ ಬೇಡ, ಆ್ಯಡ್ ಒತ್ತಿದವರನ್ನು ಸೀದಾ ಅಮೆಜಾನ್‌ಗೆ ಕಳಿಸಿದರೆ 60 ಜನ ನಡುವೆ ಉದುರುವುದು ತಪ್ಪುತ್ತದಲ್ಲಾ?' ಅಂತ ಬುದ್ಧಿವಂತರು ಕೇಳುತ್ತಾರೆ. ಅಮೆಜಾನ್‌ನ ಒಪ್ಪಂದದಲ್ಲೇ ಇದಕ್ಕೆ ತಡೆಯಿದೆ. ಸರ್ಚ್ ಆ್ಯಡ್‌ನಿಂದ, ಅಂದರೆ ಹುಡುಕಾಟದ ಫಲಿತಾಂಶದ ಜೊತೆ ಕಾಣುವ ಆ್ಯಡ್‌ನಿಂದ, ಸೀದಾ ಅವರ ಸೈಟಿಗೆ ಕಳಿಸುವಂತಿಲ್ಲ. 'ಅಮೆಜಾನ್', 'ಕಿಂಡಲ್' ಎಂಬ ಹೆಸರುಗಳನ್ನು ಕೀವರ್ಡ್ ಆಗಿ ಕೊಳ್ಳುವಂತಿಲ್ಲ, ಬೇಕೆಂದೇ ಅಕ್ಷರ ತಪ್ಪಿಸಿ ಬರೆದರೂ ಇಲ್ಲ. ಸಿಕ್ಕಿಬಿದ್ದರೆ ಕಮಿಷನ್ ತಡೆಹಿಡಿಯುತ್ತಾರೆ, ಖಾತೆ ಮುಚ್ಚುತ್ತಾರೆ. ಆ್ಯಡ್‌ಗೆ ಕೊಟ್ಟ ದುಡ್ಡು ಮಾತ್ರ ಹೋಗಿಯೇ ಹೋಗಿರುತ್ತದೆ.

ಒಂದು ಕಾಲಕ್ಕೆ ಎಲ್ಲರೂ ಹೀಗೇ ಮಾಡುತ್ತಿದ್ದರು. ಗೂಗಲ್ ಆ್ಯಡ್‌ವರ್ಡ್ಸ್ ಎಂಬ ತನ್ನ ಜಾಹೀರಾತು ಸೇವೆ ಶುರು ಮಾಡಿದ್ದು 2000ದಲ್ಲಿ. ಒಂದೇ ಅಂಗಡಿಗೆ ಕರೆದೊಯ್ಯುವ ಹತ್ತಾರು ಅಫಿಲಿಯೇಟ್‌ಗಳ ಆ್ಯಡ್‌ಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತಿದ್ದವು. ನೋಡುವವರಿಗೆ ಎಲ್ಲವೂ ಒಂದೇ. 2005ರ ಜನವರಿಯಲ್ಲಿ ಗೂಗಲ್ ನಿಯಮ ಬದಲಿಸಿತು: ಒಂದು ಹುಡುಕಾಟಕ್ಕೆ ಒಂದು ಸೈಟ್ ವಿಳಾಸದ ಒಂದೇ ಆ್ಯಡ್. ಅಂಗಡಿಯವರೇ ಆ್ಯಡ್ ಹಾಕಿದ್ದರೆ ಅವರನ್ನು ಮೀರಿಸಿ ನಿಲ್ಲುವುದು ನಿಮಗೆ ಕಷ್ಟ. ಈಗಂತೂ ಬಂದವರನ್ನು ಸುಮ್ನೆ ಬೇರೆ ಕಡೆಗೆ ದಾಟಿಸುವುದಕ್ಕಷ್ಟೇ ಇರುವ ಪುಟಕ್ಕೆ ಗೂಗಲ್ ಒಪ್ಪಿಗೆಯನ್ನೇ ಕೊಡುವುದಿಲ್ಲ. ಪುಟದಲ್ಲಿ ನಿಮ್ಮದೇ ಸರಕು ಇರಬೇಕು: ಹೋಲಿಕೆ, ಬೆಲೆ, ಬಳಸಿದ ಅನುಭವ, ಕೊಳ್ಳುವ ಮೊದಲು ಜನ ನಿಜವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ.

ಕಂಪನಿಗಳು ತಮ್ಮ ಹೆಸರಿನ ಮೇಲೆ ಅಫಿಲಿಯೇಟ್‌ಗಳು ಆ್ಯಡ್ ಹಾಕುವುದನ್ನು ಇಷ್ಟು ಬಿಗಿಯಾಗಿ ಯಾಕೆ ತಡೆಯುತ್ತವೆ? ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿ 2012ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿತು. ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ನಲ್ಲಿ ತನ್ನ ಹೆಸರಿನ ಮೇಲಿದ್ದ ಆ್ಯಡ್‌ಗಳನ್ನು ನಿಲ್ಲಿಸಿತು. ಆ್ಯಡ್ ಒತ್ತಿ ಬರುತ್ತಿದ್ದವರಲ್ಲಿ ಶೇ. 99.5ರಷ್ಟು ಜನ ಕೆಳಗಿನ ಮಾಮೂಲಿ ಲಿಂಕ್ ಒತ್ತಿ ಬಂದೇ ಬಂದರು. ಹೆಸರು ಬರೆದು ಹುಡುಕುವ ಗಿರಾಕಿ ಹೇಗಿದ್ದರೂ ಬರುವವನೇ. ಅವನನ್ನು 'ಕರೆತಂದೆ' ಅಂತ ಕಮಿಷನ್ ಕೇಳಿದರೆ ಯಾರು ಕೊಡುತ್ತಾರೆ? ಅದಕ್ಕೇ ಯಾವ ಅಫಿಲಿಯೇಟ್ ಪ್ರೋಗ್ರಾಮ್‌ಗೆ ಸೇರುವ ಮೊದಲೂ ಷರತ್ತುಗಳಲ್ಲಿ ಪೇಯ್ಡ್ ಸರ್ಚ್, ಅಂದರೆ ದುಡ್ಡು ಕೊಟ್ಟು ಹಾಕುವ ಸರ್ಚ್ ಆ್ಯಡ್ ಬಗ್ಗೆ ಏನಿದೆ ಅಂತ ಹುಡುಕಿ ಓದಿ. ಸ್ಪಷ್ಟವಿಲ್ಲದಿದ್ದರೆ ಇಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಹಾಗಾದರೆ ಯಾವುದು ಆಗುತ್ತದೆ? ಒಂದು ಮಾರಾಟಕ್ಕೆ ಸಾವಿರಗಳಲ್ಲಿ ಕಮಿಷನ್ ಕೊಡುವ, ಆದರೆ ದೊಡ್ಡವರು ಗಮನ ಕೊಡದಷ್ಟು ಸಣ್ಣ ಮೂಲೆಯ ಸಾಮಾನು. ವ್ಯಾಪಾರಸ್ಥರು ಬಳಸುವ ಸಾಫ್ಟ್‌ವೇರ್ ಇಂಥದ್ದು. 'ಬಿಲ್ಲಿಂಗ್ ಸಾಫ್ಟ್‌ವೇರ್' ಅಂತ ಹುಡುಕುವವರನ್ನು ಕೊಳ್ಳಲು ಹೋಗಬೇಡಿ, ದುಬಾರಿ. 'ಬಿಲ್ಲಿಂಗ್ ಸಾಫ್ಟ್‌ವೇರ್ ಫಾರ್ ಮೆಡಿಕಲ್ ಶಾಪ್ ಪ್ರೈಸ್' ಅಂತ ಹುಡುಕುವವನು ಬೇರೆ ಮನುಷ್ಯ. ಅವನಿಗೆ ಅಂಗಡಿ ಇದೆ, ತೊಂದರೆ ಇದೆ, ಬೆಲೆ ಕೇಳುತ್ತಿದ್ದಾನೆ. ಔಷಧಿಯ ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಯಾವ ಸಾಫ್ಟ್‌ವೇರ್ ಸರಿಯಾಗಿ ತೋರಿಸುತ್ತದೆ ಅಂತ ನಾಲ್ಕನ್ನು ಹೋಲಿಸಿ ಬರೆದ ಪುಟ ನಿಮ್ಮದಾಗಿದ್ದರೆ ಅವನು ಓದುತ್ತಾನೆ. ಕಮಿಷನ್ ಪಡೆಯುತ್ತೀರಿ ಅಂತ ಆ ಪುಟದಲ್ಲೇ ಎದ್ದು ಕಾಣುವಂತೆ ಹೇಳಿ. ಹೇಳಿದ್ದಕ್ಕೆ ಯಾರೂ ಓಡಿಹೋಗುವುದಿಲ್ಲ.

ಜಾಸ್ತಿ ಕಮಿಷನ್ ಅಂದ ಕೂಡಲೇ ಕೆಲವರ ಕಣ್ಣು ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ಕಡೆ ಹೋಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು 2025ರಲ್ಲಿ ಮಾಡಿದ ಕಾಯಿದೆಯಲ್ಲಿ ಅವುಗಳ ಜಾಹೀರಾತು ಕೂಡ ಅಪರಾಧ. ಆ ದಾರಿ ಬೇಡ. ಸಾಲ, ವಿಮೆಗಳಿಗೂ ಒಳ್ಳೆಯ ಕಮಿಷನ್ ಇದೆ, ಆದರೆ ಹಣಕಾಸು ಸೇವೆಯ ಆ್ಯಡ್‌ಗೆ ಗೂಗಲ್ ಪ್ರತ್ಯೇಕ ಪರಿಶೀಲನೆ ಕೇಳುತ್ತದೆ. ಹೊಸಬರಿಗೆ ಅದು ತಲೆನೋವು.

ಖಾತೆ ತೆರೆದು ಗೂಗಲ್ ಹೇಳಿದ್ದಕ್ಕೆಲ್ಲ 'ನೆಕ್ಸ್ಟ್' ಒತ್ತುತ್ತಾ ಹೋಗಬೇಡಿ. ಅಲ್ಲಿ ಮೊದಲೇ ಟಿಕ್ ಆಗಿರುವ ಆಯ್ಕೆಗಳು ಗೂಗಲ್‌ನ ಅನುಕೂಲಕ್ಕೆ ಇರುವಂಥವು. ಸರ್ಚ್ ಆ್ಯಡ್ ಹಾಕುವಾಗ ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ಸೈಟ್, ಆ್ಯಪ್‌ಗಳಲ್ಲಿ ಆ್ಯಡ್ ತೋರಿಸುವುದು) ಮತ್ತು ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಜೊತೆ ಕೈಜೋಡಿಸಿದ ಬೇರೆ ಸೈಟುಗಳ ಹುಡುಕಾಟ) ಎರಡರ ಟಿಕ್ಕನ್ನೂ ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ 'ಆಸಕ್ತಿ ಇರುವವರು' ಬೇಡ, 'ಅಲ್ಲೇ ಇರುವವರು' ಸಾಕು. ಕೀವರ್ಡ್‌ಗಳನ್ನು ಬ್ರಾಡ್ ಮ್ಯಾಚ್‌ನಲ್ಲಿ ಬಿಡಬೇಡಿ, ಅದು ದೂರದ ಸಂಬಂಧದ ಹುಡುಕಾಟಕ್ಕೂ ಆ್ಯಡ್ ತೋರಿಸುತ್ತದೆ. ನೀವು ಬರೆದ ಪದಕ್ಕೆ ಹತ್ತಿರ ನಿಲ್ಲುವ ಫ್ರೇಸ್ ಅಥವಾ ಎಕ್ಸ್ಯಾಕ್ಟ್ ಮಾಡಿ. ಕ್ಲಿಕ್ಕಿಗೆ ಗರಿಷ್ಠ ಬೆಲೆ ಕಟ್ಟಿ. ದಿನಕ್ಕೆ 300 ಅಂತ ಬರೆದರೆ ಒಂದೊಂದು ದಿನ ಗೂಗಲ್ 600ರವರೆಗೂ ಖರ್ಚು ಮಾಡಬಹುದು, ತಿಂಗಳ ಲೆಕ್ಕದಲ್ಲಿ ಸರಿಹೋಗುತ್ತದೆ. ಬೆಳಿಗ್ಗೆ ಎದ್ದು ಅದನ್ನು ನೋಡಿ ಗಾಬರಿಯಾಗಬೇಡಿ.

ಬೇಡದ ಪದಗಳ ಪಟ್ಟಿ, ಅಂದರೆ ನೆಗೆಟಿವ್ ಕೀವರ್ಡ್, ನಮ್ಮ ದೇಶದಲ್ಲಿ ಇನ್ನೂ ಮುಖ್ಯ. 'ಫ್ರೀ', 'ಕ್ರ್ಯಾಕ್', 'ಡೌನ್‌ಲೋಡ್', 'ಜಾಬ್ಸ್', 'ಕೋರ್ಸ್', 'ಲಾಗಿನ್' ಇವನ್ನು ಮೊದಲ ದಿನವೇ ಹಾಕಿ. ಎಲ್ಲಕ್ಕಿಂತ ಮೊದಲು 'ಕಸ್ಟಮರ್ ಕೇರ್ ನಂಬರ್' ಹಾಕಿ. ಕೆಟ್ಟುಹೋದ ಸಾಮಾನು ಇಟ್ಟುಕೊಂಡು ಸಿಟ್ಟಿನಲ್ಲಿ ಹುಡುಕುವವರು ಮೇಲೆ ಕಂಡ ಮೊದಲ ಲಿಂಕನ್ನೇ ಒತ್ತುತ್ತಾರೆ. ಆಮೇಲೆ ಸರ್ಚ್ ಟರ್ಮ್ಸ್ ವರದಿಯನ್ನು ದಿನಾ ಓದಿ. ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮ ದುಡ್ಡು ಕಳೆದರು ಅನ್ನುವುದು ಅಲ್ಲಿರುತ್ತದೆ.

ಯಾವ ಕೀವರ್ಡ್ ಮಾರಾಟ ತಂದಿತು ಅಂತ ಗೊತ್ತಾಗದಿದ್ದರೆ ಈ ಕೆಲಸವೆಲ್ಲ ಕುರುಡು. ಮಾರಾಟ ಆಗುವುದು ಬೇರೆಯವರ ಸೈಟಿನಲ್ಲಿ, ಅಲ್ಲಿ ನಿಮ್ಮ ಟ್ರ್ಯಾಕಿಂಗ್ ಕೋಡ್ ಹಾಕಲು ಬಿಡುವುದಿಲ್ಲ. ದಾರಿ ಇದೆ. ಆ್ಯಡ್ ಒತ್ತಿದಾಗ ಗೂಗಲ್ ಪ್ರತಿ ಕ್ಲಿಕ್ಕಿಗೂ ಒಂದು ಗುರುತನ್ನು, ಜಿಸಿಎಲ್ಐಡಿ ಅಂತ, ವಿಳಾಸದ ಬಾಲಕ್ಕೆ ಸೇರಿಸುತ್ತದೆ. ನಿಮ್ಮ ಪುಟ ಆ ಗುರುತನ್ನು ಹಿಡಿದು ಅಫಿಲಿಯೇಟ್ ಲಿಂಕಿನಲ್ಲಿ ನಿಮ್ಮದೇ ಗುರುತು ಸೇರಿಸಲು ಇರುವ ಸಬ್ ಐಡಿ ಜಾಗದಲ್ಲಿ ಇಡಬೇಕು. ಮಾರಾಟವಾದರೆ ಕಮಿಷನ್ ಕೊಡುವವರ ವರದಿಯಲ್ಲಿ ಅದೇ ಗುರುತು ಕಾಣುತ್ತದೆ. ಅದನ್ನು ಗೂಗಲ್‌ಗೆ ಅಪ್‌ಲೋಡ್ ಮಾಡಿದರೆ ಯಾವ ಕೀವರ್ಡ್ ದುಡಿಯಿತು, ಯಾವುದು ಕೂತು ತಿಂದಿತು ಅಂತ ಸಾಲುಸಾಲಾಗಿ ತಿಳಿಯುತ್ತದೆ. ಸಬ್ ಐಡಿಯನ್ನೇ ಕೊಡದ ಪ್ರೋಗ್ರಾಮ್ ಆದರೆ ನಾನಂತೂ ಅದಕ್ಕೆ ಆ್ಯಡ್ ಹಾಕುವುದಿಲ್ಲ.

ಇನ್ನು 'ಎಷ್ಟು ಇಟ್ಕೊಂಡು' ಅನ್ನುವ ಪ್ರಶ್ನೆ. ಮಾರಾಟಕ್ಕೆ 2000 ಕಮಿಷನ್ ಇರುವ ಸಾಫ್ಟ್‌ವೇರ್, 100 ಕ್ಲಿಕ್ಕಿಗೆ ಒಂದು ಮಾರಾಟ, ಐದರಲ್ಲಿ ಒಂದು ರದ್ದು ಅಂತ ಅಂದಾಜು ಮಾಡಿ. ಜಿಎಸ್‌ಟಿ ಕಳೆದರೆ ಕ್ಲಿಕ್ಕಿಗೆ ಹದಿಮೂರೂವರೆ ರೂಪಾಯಿ ಮಿತಿ, ನೀವು 13 ಕಟ್ಟಿ. 300 ಕ್ಲಿಕ್ ಕೊಳ್ಳಿ. ಜಿಎಸ್‌ಟಿ ಸೇರಿ ಸುಮಾರು 4600 ರೂಪಾಯಿ. ಮೂರು ಮಾರಾಟ ಬರಬೇಕಿದ್ದ ಕಡೆ ಸೊನ್ನೆ ಬಂದರೆ? ನಿಮ್ಮ ಅಂದಾಜು ಸರಿಯಿದ್ದೂ ಹಾಗಾಗುವ ಸಾಧ್ಯತೆ ಶೇ. 5ರಷ್ಟು ಮಾತ್ರ. ಆಗ ನಿಲ್ಲಿಸಿ, ಬೇರೆ ಸಾಮಾನು ನೋಡಿ. ಇಂಥ ಮೂರು ಪರೀಕ್ಷೆಗೆ 14 ಸಾವಿರ ಬೇಕು.

ಯಾವುದೋ ಒಂದು ಗೆದ್ದಿತು ಅಂದುಕೊಳ್ಳಿ. ಆಗಲೂ ದುಡ್ಡು ತಕ್ಷಣ ಬರುವುದಿಲ್ಲ. ಅಮೆಜಾನ್ ಥರದವರು ತಿಂಗಳು ಮುಗಿದು ಸುಮಾರು 60 ದಿನದ ಮೇಲೆ ಕೊಡುತ್ತಾರೆ. ಜೂನ್ 1ರ ಮಾರಾಟಕ್ಕೆ ಆಗಸ್ಟ್ ಕೊನೆಗೆ ಕಮಿಷನ್. ಗೂಗಲ್ ಅಷ್ಟು ಕಾಯುವುದಿಲ್ಲ. ದಿನಕ್ಕೆ 300ರಂತೆ ಆ ಮೂರು ತಿಂಗಳು ನಡೆಸಲು ಜಿಎಸ್‌ಟಿ ಸೇರಿ 32,500 ರೂಪಾಯಿ ನಿಮ್ಮದೇ ಆಗಿರಬೇಕು. ಎರಡೂ ಕೂಡಿದರೆ 46 ಸಾವಿರದ ಆಸುಪಾಸು. 'ಅಫಿಲಿಯೇಟ್ ಕಲಿಸ್ತೀವಿ' ಅಂತ ಕೋರ್ಸ್ ಮಾರಿ, ಅದೇ ಕೋರ್ಸನ್ನು ಇನ್ನೊಬ್ಬರಿಗೆ ಮಾರಿ ಕಮಿಷನ್ ತಗೊಳ್ಳಿ ಅನ್ನುವವರ ಫೀಸು ಇದರಲ್ಲಿ ಸೇರಿಲ್ಲ. ಸೇರಿಸಬೇಡಿ. ಆ್ಯಡ್ ಹಾಕುವುದು ಹೇಗೆ ಅಂತ ಗೂಗಲ್‌ನದೇ ಕಲಿಕೆಯ ಸೈಟ್ ಸ್ಕಿಲ್‌ಶಾಪ್‌ನಲ್ಲಿ ಬಿಟ್ಟಿಯಾಗಿಯೇ ಕಲಿಯಬಹುದು.