ಬಿ.ಪಿ. ‘ಸರಿ ಇದ್ದ’ ಗಾಯಾಳು

ಬೈಕ್ ಅಪಘಾತದ ಗಾಯಾಳು ಬರುತ್ತಿದ್ದಾನೆಂದು ಫೋನ್ ಬಂದೊಡನೆ ಟ್ರಾಮಾ ಕೊಠಡಿಯ ಎ.ಸಿ. ಆರಿತು. ಸಿಬ್ಬಂದಿ ಬೆವರಿದರೆ ಬೆವರಲಿ; ಗಾಯಾಳುವಿನ ಮೈ 35 ಡಿಗ್ರಿಗಿಂತ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದು.

ಇಪ್ಪತ್ತರ ಆಸುಪಾಸಿನ ಹುಡುಗ. ಆಂಬುಲೆನ್ಸ್‌ನವರು ‘ಬಿ.ಪಿ. 110, ಪರವಾಗಿಲ್ಲ’ ಎಂದರು. ನಾಡಿ ಮಾತ್ರ 128, ಕೈ ತಣ್ಣಗೆ. ‘ಡಾಕ್ಟ್ರೇ, ಒಂಚೂರು ನೀರು ಕೊಡಿ’ ಎಂದು ಹೊರಳಾಡುತ್ತಿದ್ದ. ಎಳೆ ವಯಸ್ಸಿನವರ ರಕ್ತನಾಳಗಳು ಬಿಗಿದುಕೊಂಡು, ಸುಮಾರು ಒಂದೂವರೆ ಲೀಟರ್ ರಕ್ತ ಹೋಗುವವರೆಗೂ ಬಿ.ಪಿ.ಯನ್ನು ಹಿಡಿದಿಡುತ್ತವೆ. ಬಾಯಾರಿಕೆ, ಚಡಪಡಿಕೆ ಅದಕ್ಕೂ ಮೊದಲೇ ಕಾಣುತ್ತವೆ. ಕುಡಿದಿದ್ದಾನೆ, ಅದಕ್ಕೇ ಗಲಾಟೆ ಎಂದುಕೊಂಡರೆ ಕೆಟ್ಟಿತು.

ತೊಡೆಯ ಗಾಯಕ್ಕೆ ಟೂರ್ನಿಕೆಟ್ (ರಕ್ತ ನಿಲ್ಲಿಸುವ ಬಿಗಿಪಟ್ಟಿ) ಕಟ್ಟಿಯೇ ತಂದಿದ್ದರು, ಆದರೂ ರಕ್ತ ಜಿನುಗುತ್ತಿತ್ತು. ಪಟ್ಟಿ ಸಡಿಲವಾಗಿತ್ತು. ಅರ್ಧಂಬರ್ಧ ಬಿಗಿದರೆ ಅಭಿಧಮನಿ ಮುಚ್ಚಿ ಅಪಧಮನಿ ತೆರೆದೇ ಇರುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲುವಷ್ಟು ತಿರುಚಬೇಕು. ನೋವಿಗೆ ಔಷಧ ಕೊಡಬೇಕು, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಸೊಂಟದ ಮೂಳೆ ಮುರಿದಾಗ ಬಿಗಿಯುವ ಅಗಲ ಪಟ್ಟಿ, ಬೈಂಡರ್‌ನದ್ದೂ ಇಂಥದ್ದೇ ಕಥೆ: ಬೆಲ್ಟ್ ಕಟ್ಟುವ ಜಾಗಕ್ಕೆ ಹಾಕುತ್ತಾರೆ. ಅದು ಕೂರಬೇಕಾದ್ದು ತೊಡೆಮೂಳೆ ಪಕ್ಕಕ್ಕೆ ಉಬ್ಬಿರುವ ಮಟ್ಟದಲ್ಲಿ. ಮೂಳೆ ಮುರಿದಿದೆಯೇ ನೋಡಲು ಸೊಂಟವನ್ನು ಅಲುಗಾಡಿಸುವುದಂತೂ ಬೇಡವೇ ಬೇಡ.

ಅಷ್ಟರಲ್ಲಿ ಬಿ.ಪಿ. 84. ರಕ್ತನಾಳಕ್ಕೆ ಎರಡು ದಪ್ಪ ಕ್ಯಾನುಲಾ (ಕೊಳವೆ) ಹಾಕಿದ್ದಾಗಿತ್ತು. ಇಂಥ ಹೊತ್ತಲ್ಲಿ ಸಲೈನ್ ಬಾಟಲಿಗೆ ಕೈ ಹೋಗುವುದು ಹಳೆಯ ಚಾಳಿ. ಅಂಕಿ ಏರುತ್ತದೆ ನಿಜ, ಆದರೆ ಹೆಪ್ಪುಗಟ್ಟಿಸುವ ಅಂಶ ತೆಳುವಾಗಿ, ಆಗಷ್ಟೇ ಕೂತ ಹೆಪ್ಪು ಕಿತ್ತುಬರುತ್ತದೆ. ಗುಂಪು ಪರೀಕ್ಷೆ ಮುಗಿಯುವವರೆಗೆ ಓ ರಕ್ತ, ಜೊತೆಗೆ ಪ್ಲಾಸ್ಮಾ, ಪ್ಲೇಟ್‌ಲೆಟ್. ಎಲ್ಲವನ್ನೂ ಬೆಚ್ಚಗೆ ಮಾಡಿಯೇ ಕೊಡಬೇಕು. ರಕ್ತದ ಚೀಲದಲ್ಲಿ ಹೆಪ್ಪುಗಟ್ಟದಂತೆ ಹಾಕಿರುವ ಸಿಟ್ರೇಟ್, ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಕ್ಯಾಲ್ಸಿಯಂ ಅನ್ನೂ ಕೊಡಬೇಕು. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, 10 ನಿಮಿಷದಲ್ಲಿ. ಪೆಟ್ಟಾಗಿ 3 ಗಂಟೆ ಮೀರಿದರೆ ಲಾಭಕ್ಕಿಂತ ಹಾನಿ. ರಕ್ತಸ್ರಾವ ನಿಲ್ಲುವ ತನಕ ಬಿ.ಪಿ. 80–90 ಸಾಕು. ತಲೆಗೂ ಪೆಟ್ಟಾಗಿದ್ದರೆ ಮಾತ್ರ ಈ ಲೆಕ್ಕ ನಡೆಯದು, ಮಿದುಳಿಗೆ ರಕ್ತ ಸಾಲದು.

ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತಿಗೂ ಮೂತ್ರಪಿಂಡಕ್ಕೂ ನಡುವೆ ಕಪ್ಪು ಪಟ್ಟೆ ಕಂಡಿತು: ಹೊಟ್ಟೆಯೊಳಗೆ ರಕ್ತ. ಸಿ.ಟಿ. ಕೈಬಿಟ್ಟು ನೇರ ಆಪರೇಷನ್ ಥಿಯೇಟರ್‌ಗೆ. ಅಲ್ಲಿಯೂ ಎಲ್ಲವನ್ನೂ ರಿಪೇರಿ ಮಾಡುವ ಹಟ ಹಿಡಿಯಲಿಲ್ಲ. ರಕ್ತ ನಿಲ್ಲಿಸಿ, ಯಕೃತ್ತಿನ ಸುತ್ತ ಬಟ್ಟೆ ಒತ್ತಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐ.ಸಿ.ಯು.ಗೆ ಕಳಿಸಿದರು. ಉಳಿದ ಶಸ್ತ್ರಕ್ರಿಯೆ, ಮೈ ಬಿಸಿಯಾಗಿ ರಕ್ತ ಹೆಪ್ಪುಗಟ್ಟತೊಡಗಿದ ಮೇಲೆ.